ಸಂಶೋಧನೆಯನ್ನು ತೂಗುವವರು ಅದನ್ನು ಓದುತ್ತಾರೆಯೇ?

ಕಳೆದ ಸಂಚಿಕೆಯಲ್ಲಿ ‘ಪೀರ್ ರಿವ್ಯೂ’ ಎಂಬ ಪದ್ಧತಿಯನ್ನು ನಾಲ್ಕು ಸಾಲಿನಲ್ಲಿ ಪ್ರಸ್ತಾಪಿಸಿದ್ದೆ. ಸಂಶೋಧನಾ ಪ್ರಬಂಧವೊಂದು ಬಂದಾಗ ಜರ್ನಲ್‌ನ ಸಂಪಾದಕರು ಅದನ್ನು ಅದೇ ವಿಷಯದಲ್ಲಿ ಕೆಲಸ ಮಾಡುವ ಇಬ್ಬರು ಮೂವರಿಗೆ ಕಳುಹಿಸುತ್ತಾರೆ. ಅವರ ಅಭಿಪ್ರಾಯ ಕೈಸೇರಿದ ಮೇಲೆ ಅಚ್ಚು ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಪರಿಶೀಲಿಸುವವರಿಗೆ ಸಾಮಾನ್ಯವಾಗಿ ಸಂಭಾವನೆ ಇರುವುದಿಲ್ಲ, ಅವರ ಹೆಸರೂ ಹೊರಗೆ ಬರುವುದಿಲ್ಲ. ಆ ನಾಲ್ಕು ಸಾಲಿಗೆ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಹೆಸರು ಬೇಡ ಎಂದು ಹಲವರು ಕೇಳಿಕೊಂಡಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮಾನ್ಯರೇ, ನಾನು ಸಸ್ಯಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಮೂರು ವರ್ಷದ ಕೆಲಸವನ್ನು ಪ್ರಬಂಧವಾಗಿ ಬರೆದು ಒಂದು ಜರ್ನಲ್‌ಗೆ ಕಳುಹಿಸಿದ್ದೆ. ಎಂಟು ತಿಂಗಳ ನಂತರ ಉತ್ತರ ಬಂತು. ಒಬ್ಬ ಪರಿಶೀಲಕರು ಒಂದೂವರೆ ಪುಟ ಬರೆದು, ಸಣ್ಣಪುಟ್ಟ ತಿದ್ದುಪಡಿಯೊಂದಿಗೆ ಪ್ರಕಟಿಸಬಹುದು ಎಂದಿದ್ದರು. ಇನ್ನೊಬ್ಬರು ‘ಇದರಲ್ಲಿ ಹೊಸದೇನೂ ಇಲ್ಲ, ಇಂಗ್ಲಿಷ್ ಸುಧಾರಿಸಬೇಕು’ ಎಂದು ಎರಡೇ ಸಾಲು ಬರೆದಿದ್ದರು. ಸಂಪಾದಕರು ಎರಡು ಸಾಲಿನವರ ಮಾತನ್ನೇ ಒಪ್ಪಿದರು. ಇದನ್ನು ಪರಿಶೀಲನೆ ಎನ್ನಬೇಕೋ ಅದೃಷ್ಟ ಎನ್ನಬೇಕೋ? — ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಪ್ರಶ್ನೆಯನ್ನು ಪ್ರಯೋಗ ಮಾಡಿಯೇ ನೋಡಿದವರಿದ್ದಾರೆ. ಈಗ ನ್ಯೂರಿಪ್ಸ್ ಎಂದು ಕರೆಯುವ, ಮಷೀನ್ ಲರ್ನಿಂಗ್ (ದತ್ತಾಂಶದಿಂದ ಕಂಪ್ಯೂಟರ್ ತಾನೇ ಕಲಿಯುವ ವಿದ್ಯೆ) ಕುರಿತ ದೊಡ್ಡ ಸಮ್ಮೇಳನದ ಸಂಘಟಕರು 2014ರಲ್ಲಿ ತಮಗೆ ಬಂದ ಪ್ರಬಂಧಗಳಲ್ಲಿ ಸುಮಾರು ಹತ್ತನೇ ಒಂದು ಭಾಗವನ್ನು, ಅಂದರೆ 166ನ್ನು, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಮಿತಿಗಳಿಗೆ ಕೊಟ್ಟರು. ನಾಲ್ಕರಲ್ಲಿ ಒಂದಕ್ಕೆ ಎರಡು ಸಮಿತಿಗಳು ಬೇರೆ ಬೇರೆ ತೀರ್ಪು ಕೊಟ್ಟವು. ಒಂದು ಸಮಿತಿ ಒಪ್ಪಿಕೊಂಡಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ತಿರಸ್ಕರಿಸಿತ್ತು. ಆ ಪ್ರಯೋಗದ ಸಂಘಟಕರು ವರ್ಷಗಳ ನಂತರ ಅಂಕಿಗಳನ್ನು ಮತ್ತೆ ತಿರುವಿ ಹಾಕಿ ಹೇಳಿದ್ದು ಇದು: ತೀರಾ ದುರ್ಬಲವಾದುದನ್ನು ಗುರುತಿಸುವಲ್ಲಿ ಪರಿಶೀಲಕರು ಸಮರ್ಥರು, ಆದರೆ ಚೆನ್ನಾಗಿರುವ ಹತ್ತರಲ್ಲಿ ಯಾವುದು ಹೆಚ್ಚು ಚೆನ್ನ ಎಂದು ಹೇಳುವಲ್ಲಿ ಅಲ್ಲ. ಆದ್ದರಿಂದ ನಿಮ್ಮ ಪ್ರಬಂಧ ತಿರಸ್ಕೃತವಾಯಿತೆಂಬ ಒಂದೇ ಕಾರಣಕ್ಕೆ ಅದು ಕಳಪೆ ಎಂದು ನೀವು ನಂಬಬೇಕಾಗಿಲ್ಲ.

ನನಗೆ ನೋವಾದದ್ದು ತಿರಸ್ಕಾರಕ್ಕಿಂತ ಆ ಎರಡು ಸಾಲಿಗೆ. ‘ಹೊಸದೇನೂ ಇಲ್ಲ’ ಎನ್ನುವವರು ಹಾಗಾದರೆ ಇದನ್ನು ಮೊದಲು ಮಾಡಿದವರು ಯಾರು, ಯಾವ ಪ್ರಬಂಧದಲ್ಲಿ ಎಂದು ಹೇಳುವ ಹೊಣೆ ಹೊತ್ತಿರುತ್ತಾರೆ. ಅದನ್ನು ಹೇಳದೆ ಹೋದರೆ ಅವರು ಪ್ರಬಂಧವನ್ನು ಓದಿದ್ದಾರೆ ಎನ್ನಲು ನಮ್ಮ ಕೈಯಲ್ಲಿ ಯಾವ ಆಧಾರವೂ ಇಲ್ಲ. ಈ ಹೊಣೆಯನ್ನು ಕಾಣುವಂತೆ ಮಾಡಲು ಕೆಲವು ಜರ್ನಲ್‌ಗಳು ಪರಿಶೀಲಕರ ವರದಿಯನ್ನು ಪ್ರಬಂಧದ ಜೊತೆಗೇ ಪ್ರಕಟಿಸುತ್ತಿವೆ. ಎಂಬೊ ಜರ್ನಲ್ 2009ರಲ್ಲೇ ಹೀಗೆ ಆರಂಭಿಸಿತು. ನೇಚರ್ ಪತ್ರಿಕೆ 2025ರಿಂದ ತನಗೆ ಬರುವ ಹೊಸ ಸಂಶೋಧನಾ ಪ್ರಬಂಧಗಳಿಗೆಲ್ಲ ಇದನ್ನೇ ನಿಯಮ ಮಾಡಿಕೊಂಡಿದೆ. ಆದರೆ ಇಲ್ಲಿ ಬೆಳಕಿಗೆ ಬರುವುದು ಸ್ವೀಕೃತವಾದ ಪ್ರಬಂಧಗಳ ವರದಿ ಮಾತ್ರ. ನಿಮ್ಮಂಥವರಿಗೆ ಬಂದ ಎರಡು ಸಾಲು ಕತ್ತಲಲ್ಲೇ ಉಳಿಯುತ್ತದೆ. ಈ ಕೊರತೆಯನ್ನು ನೇರವಾಗಿ ಎದುರಿಸಿದ್ದು ಈಲೈಫ್ ಎಂಬ ಜೀವವಿಜ್ಞಾನ ಪತ್ರಿಕೆ. 2023ರಿಂದ ಅದು, ಪರಿಶೀಲನೆಗೆ ಕಳುಹಿಸಿದ ಯಾವ ಪ್ರಬಂಧವನ್ನೂ ಆಮೇಲೆ ‘ಸ್ವೀಕಾರ’ ‘ತಿರಸ್ಕಾರ’ ಎಂದು ವಿಂಗಡಿಸುವುದಿಲ್ಲ. ಪ್ರಬಂಧವನ್ನು ಅದರ ವಿಮರ್ಶೆಯ ಸಮೇತ ಓದುಗರ ಮುಂದಿಡುತ್ತದೆ. ಸಾಕ್ಷ್ಯ ಎಷ್ಟು ಗಟ್ಟಿ, ಮಹತ್ವ ಎಷ್ಟು ಎಂಬುದನ್ನು ಸಂಪಾದಕರು ಕೆಲವೇ ವಾಕ್ಯಗಳಲ್ಲಿ ಮೇಲೆಯೇ ಬರೆದಿರುತ್ತಾರೆ.

ಸದ್ಯಕ್ಕೆ ನೀವು ಮಾಡಬಹುದಾದದ್ದು ಎರಡಿದೆ. ಮಾರ್ಗದರ್ಶಕರೊಂದಿಗೆ ಕೂತು ಸಂಪಾದಕರಿಗೆ ಒಂದು ಪುಟದ ಮೇಲ್ಮನವಿ ಬರೆಯಿರಿ. ಸಿಟ್ಟು ಬೇಡ, ‘ಈ ಕೆಲಸ ಈಗಾಗಲೇ ಆಗಿದೆ ಎನ್ನುವುದಕ್ಕೆ ಆಧಾರವಾದ ಪ್ರಬಂಧವನ್ನು ದಯವಿಟ್ಟು ತಿಳಿಸಬೇಕು’ ಎಂಬ ಒಂದೇ ಕೋರಿಕೆ ಸಾಕು. ಜೊತೆಗೆ, ಮಾರ್ಗದರ್ಶಕರು ಒಪ್ಪಿದರೆ, ಪ್ರಬಂಧವನ್ನು ಬಯೋಆರ್ಕೈವ್‌ನಂಥ ಮುಕ್ತ ತಾಣದಲ್ಲಿ ಪ್ರಿಪ್ರಿಂಟ್ (ಪರಿಶೀಲನೆಗೆ ಮುಂಚಿನ ಪ್ರತಿ) ಆಗಿ ಹಾಕಿರಿ. ಕೆಲಸ ನಿಮ್ಮದು ಎಂಬುದಕ್ಕೆ ಅಲ್ಲಿ ತಾರೀಖು ಬೀಳುತ್ತದೆ, ಮುಂದಿನ ಎಂಟು ತಿಂಗಳ ಕಾಯುವಿಕೆಯಲ್ಲಿ ಅದು ಯಾರ ಕಣ್ಣಿಗೂ ಬೀಳದೆ ಕೊಳೆಯುವುದೂ ತಪ್ಪುತ್ತದೆ.

ಪ್ರಶ್ನೆ: ಸರ್ ಸಿ.ವಿ. ರಾಮನ್, ಐನ್‌ಸ್ಟೈನ್ ಅವರ ಕಾಲದಲ್ಲಿ ಈ ಪದ್ಧತಿ ಇತ್ತೇ? ಅದಿಲ್ಲದೆಯೂ ವಿಜ್ಞಾನ ಬೆಳೆಯಲಿಲ್ಲವೇ? — ನಿವೃತ್ತ ಪ್ರೌಢಶಾಲಾ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಇತ್ತು, ಆದರೆ ಎಲ್ಲ ಕಡೆಯೂ ಇರಲಿಲ್ಲ, ಕಡ್ಡಾಯವೂ ಆಗಿರಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ 1830ರ ದಶಕದಲ್ಲೇ ಪ್ರಬಂಧಗಳ ಬಗ್ಗೆ ತಜ್ಞರಿಂದ ಲಿಖಿತ ವರದಿ ತರಿಸಿಕೊಳ್ಳಲು ಆರಂಭಿಸಿತ್ತು. ಆದರೆ ನೇಚರ್ ಪತ್ರಿಕೆ ಹೊರಗಿನ ತಜ್ಞರ ಪರಿಶೀಲನೆಯನ್ನು ಎಲ್ಲ ಪ್ರಬಂಧಗಳಿಗೂ ಕಡ್ಡಾಯ ಮಾಡಿದ್ದು 1973ರಲ್ಲಿ. ಡಿಎನ್‌ಎ ರಚನೆಯನ್ನು ವಿವರಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಪುಟ್ಟ ಪ್ರಬಂಧ ಅಂಥ ಪರಿಶೀಲನೆಗೆ ಒಳಗಾಗದೆಯೇ ಅಲ್ಲಿ ಅಚ್ಚಾಯಿತು.

ರಾಮನ್ ಅವರ ವಿಷಯವಂತೂ ನಮ್ಮ ಮನೆಯಂಗಳದ್ದು. ಕಲ್ಕತ್ತದಲ್ಲಿ 1928ರ ಫೆಬ್ರುವರಿ 28ರಂದು ಕಂಡುಕೊಂಡ ‘ರಾಮನ್ ಪರಿಣಾಮ’ವನ್ನು ಅವರು ವಿಸ್ತಾರವಾಗಿ ಮಂಡಿಸಿದ್ದು ಮಾರ್ಚ್ 16ರಂದು, ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಆ ಉಪನ್ಯಾಸ ಅದೇ ತಿಂಗಳ ಕೊನೆಯ ಹೊತ್ತಿಗೆ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಅಚ್ಚಾಗಿತ್ತು. ಆ ಪತ್ರಿಕೆಯನ್ನು 1926ರಲ್ಲಿ ಹುಟ್ಟುಹಾಕಿದವರೂ ರಾಮನ್ ಅವರೇ. ಹಾಗೆಂದು ಅವರ ಕೆಲಸವನ್ನು ಯಾರೂ ಪರೀಕ್ಷಿಸಲಿಲ್ಲ ಎಂದಲ್ಲ. ಅಮೆರಿಕದ ಆರ್. ಡಬ್ಲ್ಯು. ವುಡ್, ಜರ್ಮನಿಯ ಪೀಟರ್ ಪ್ರಿಂಗ್ಸ್‌ಹೈಮ್ ಅವರಂಥ ಪರಿಣತರು ಪ್ರಯೋಗವನ್ನು ತಾವೇ ಮತ್ತೆ ಮಾಡಿ ನೋಡಿ ನಿಜವೆಂದರು. ಪರಿಶೀಲನೆ ಅಚ್ಚಾದ ಮೇಲೆ ನಡೆಯಿತು, ಹೆಸರು ಹಾಕಿಕೊಂಡು ನಡೆಯಿತು.

ಆದರೆ ಇದರಿಂದ ಮುಂಚಿನ ಪರಿಶೀಲನೆಯೇ ಬೇಡ ಎಂಬ ತೀರ್ಮಾನಕ್ಕೆ ಬರಬಾರದು, ಏಕೆಂದರೆ ಐನ್‌ಸ್ಟೈನ್ ಅವರ ಪ್ರಸಂಗ ಬೇರೆಯದನ್ನೇ ಹೇಳುತ್ತದೆ. 1936ರಲ್ಲಿ ಅವರು ನೇಥನ್ ರೋಸೆನ್ ಜೊತೆ ಸೇರಿ, ಗುರುತ್ವದ ಅಲೆಗಳು ಇರಲಾರವು ಎಂದು ವಾದಿಸುವ ಪ್ರಬಂಧವನ್ನು ಫಿಸಿಕಲ್ ರಿವ್ಯೂ ಪತ್ರಿಕೆಗೆ ಕಳುಹಿಸಿದರು. ಸಂಪಾದಕರು ಅದನ್ನು ಒಬ್ಬ ತಜ್ಞರಿಗೆ ತೋರಿಸಿದರು. ಆ ತಜ್ಞರು ತಪ್ಪಿರುವ ಜಾಗವನ್ನು ಗುರುತಿಸಿ ದೀರ್ಘ ವರದಿ ಬರೆದರು. ಅಚ್ಚಿಗೆ ಮೊದಲು ಪರರಿಗೆ ತೋರಿಸಲು ನಾವು ಅನುಮತಿ ಕೊಟ್ಟಿರಲಿಲ್ಲ ಎಂದು ಐನ್‌ಸ್ಟೈನ್ ಕೋಪದಿಂದ ಪ್ರಬಂಧವನ್ನು ಹಿಂದಕ್ಕೆ ಪಡೆದರು. ಮರುವರ್ಷ ಬೇರೊಂದು ಪತ್ರಿಕೆಯಲ್ಲಿ ಅದು ಬರುವಷ್ಟರಲ್ಲಿ ತೀರ್ಮಾನ ಬದಲಾಗಿತ್ತು. ವರದಿ ಬರೆದವರು ಎಚ್. ಪಿ. ರಾಬರ್ಟ್‌ಸನ್ ಎಂಬುದು ಬಹಳ ವರ್ಷಗಳ ನಂತರ ಆ ಪತ್ರಿಕೆಯ ಕಡತಗಳಿಂದ ಖಚಿತವಾಯಿತು. ಗುರುತ್ವದ ಅಲೆಗಳು ಉಪಕರಣಕ್ಕೆ ಸಿಕ್ಕಿದ್ದು 2015ರಲ್ಲಿ. ಜಗತ್ತೇ ತಲೆಬಾಗುವ ವಿಜ್ಞಾನಿಯ ಲೆಕ್ಕವನ್ನು ಒಬ್ಬರು ಸಾಲು ಸಾಲಾಗಿ ಓದಿದರು, ತಪ್ಪು ಸಿಕ್ಕಿತು. ನಾವು ಉಳಿಸಿಕೊಳ್ಳಬೇಕಾದದ್ದು ಆ ಓದನ್ನು.

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕ. ವಾರಕ್ಕೆ ಹದಿನಾರು ಗಂಟೆ ಪಾಠ, ಅದರ ಮೇಲೆ ಪರೀಕ್ಷೆ, ಪ್ರವೇಶಾತಿ, ಕಾಲೇಜಿನ ನ್ಯಾಕ್ ಮೌಲ್ಯಾಂಕನದ ಕೆಲಸ. ಬಡ್ತಿಗೆ ಪ್ರಬಂಧಗಳು ಬೇಕು. ‘ನಾಲ್ಕು ದಿನದಲ್ಲಿ ಪ್ರಕಟಣೆ, ಪ್ರಮಾಣಪತ್ರ ಸಹಿತ 2,500 ರೂಪಾಯಿ’ ಎಂದು ದಿನಕ್ಕೆ ಎರಡು ಇಮೇಲ್ ಬರುತ್ತವೆ. ಸಹೋದ್ಯೋಗಿಗಳು ಕಟ್ಟುತ್ತಿದ್ದಾರೆ. ನಾನು ಕಟ್ಟದಿದ್ದರೆ ಹಿಂದೆ ಬೀಳುತ್ತೇನೆ. ಏನು ಮಾಡಲಿ? — ಕಲಬುರಗಿ

ಉತ್ತರ: ಕಟ್ಟಬೇಡಿ. ಹೀಗೆ ಹೇಳುವುದು ನನಗೆ ಸುಲಭ, ಬಡ್ತಿ ತಪ್ಪುವುದು ನಿಮಗೆ ಎಂಬುದು ಗೊತ್ತಿದ್ದೂ ಹೇಳುತ್ತಿದ್ದೇನೆ. ನಾಲ್ಕು ದಿನದಲ್ಲಿ ಯಾರೂ ಪ್ರಬಂಧ ಓದಿ ಪರಿಶೀಲಿಸಲಾರರು. 2013ರಲ್ಲಿ ಸೈನ್ಸ್ ಪತ್ರಿಕೆಯ ವರದಿಗಾರ ಜಾನ್ ಬೊಹಾನನ್, ಕಲ್ಲುಹೂವಿನ ರಾಸಾಯನಿಕ ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂಬ, ಎದ್ದು ಕಾಣುವ ತಪ್ಪುಗಳನ್ನು ಬೇಕೆಂದೇ ತುಂಬಿದ ಸುಳ್ಳು ಪ್ರಬಂಧವನ್ನು 304 ಜರ್ನಲ್‌ಗಳಿಗೆ ಕಳುಹಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡವು. ಆತ ಆರಿಸಿಕೊಂಡ ಜರ್ನಲ್‌ಗಳಲ್ಲಿ ಭಾರತದ ಪಾಲು ದೊಡ್ಡದಿತ್ತು ಎಂಬುದನ್ನು ನಾವು ಮರೆಯುವಂತಿಲ್ಲ.

ಈ ಅಂಗಡಿಗಳು ನಮ್ಮಲ್ಲೇ ಏಕೆ ಇಷ್ಟು ಬೆಳೆದವು ಎಂಬುದಕ್ಕೆ ಉತ್ತರ ನಿಯಮಗಳಲ್ಲಿದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರ ನಿಯಮದಲ್ಲಿ ಪಿಎಚ್‌.ಡಿ. ಮಹಾಪ್ರಬಂಧ ಸಲ್ಲಿಸುವ ಮುನ್ನ ಒಂದು ಪ್ರಕಟಣೆಯನ್ನು ಕಡ್ಡಾಯ ಮಾಡಿತು. 2010ರಲ್ಲಿ ಅಧ್ಯಾಪಕರ ನೇಮಕ, ಬಡ್ತಿಗೆ ಅಂಕಗಳ ಲೆಕ್ಕ ತಂದಿತು. ಪ್ರಬಂಧಕ್ಕೆ ಇಷ್ಟು ಅಂಕ, ಅಧ್ಯಾಯಕ್ಕೆ ಇಷ್ಟು, ವಿಚಾರಸಂಕಿರಣಕ್ಕೆ ಇಷ್ಟು. ಪ್ರಯೋಗಾಲಯವೇ ಇಲ್ಲದ, ಗ್ರಂಥಾಲಯಕ್ಕೆ ಜರ್ನಲ್ ಬಾರದ ಕಾಲೇಜಿನ ಅಧ್ಯಾಪಕರಿಗೂ ಅದೇ ಅಳತೆ. ಬೇಡಿಕೆ ಹುಟ್ಟಿತು, ಪೂರೈಸುವವರು ಬಂದರು. ಆಮೇಲೆ ಮಾನ್ಯ ಜರ್ನಲ್‌ಗಳ ಪಟ್ಟಿ ಬಂತು. ಆ ಪಟ್ಟಿಯಲ್ಲೇ ಕಳಪೆಯವು ತುಂಬಿದ್ದರಿಂದ 2018ರ ಮೇ ತಿಂಗಳಲ್ಲಿ ಒಂದೇ ಸಲ 4,305 ಜರ್ನಲ್‌ಗಳನ್ನು ಕಿತ್ತುಹಾಕಬೇಕಾಯಿತು. ಅದರ ಜಾಗಕ್ಕೆ ಬಂದ ಕೇರ್ ಪಟ್ಟಿಯನ್ನೂ 2025ರ ಫೆಬ್ರುವರಿಯಲ್ಲಿ ಕೈಬಿಟ್ಟು, ಜರ್ನಲ್‌ಗಳ ಗುಣಮಟ್ಟ ನೋಡುವ ಹೊಣೆಯನ್ನು ಆಯಾ ಸಂಸ್ಥೆಗಳಿಗೇ ವಹಿಸಲಾಯಿತು. ಪಿಎಚ್‌.ಡಿ. ವಿದ್ಯಾರ್ಥಿಗಳ ಮೇಲಿದ್ದ ಪ್ರಕಟಣೆಯ ಕಡ್ಡಾಯವನ್ನು 2022ರಲ್ಲಿ ತೆಗೆದದ್ದು ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಸರಿಯಾದ ಹೆಜ್ಜೆ.

ಪಟ್ಟಿ ಯಾವುದೇ ಇರಲಿ, ಅದು ಕೇಳುವ ಪ್ರಶ್ನೆ ‘ಎಲ್ಲಿ ಪ್ರಕಟವಾಯಿತು’ ಎಂಬುದು. ‘ಏನನ್ನು ಕಂಡುಹಿಡಿದಿರಿ’ ಎಂದು ಕೇಳಬೇಕಾದರೆ ಪ್ರಬಂಧವನ್ನು ತೆರೆದು ಓದಬೇಕು, ಓದಲು ಸಮಯ ಬೇಕು, ವಿಷಯ ಬಲ್ಲವರು ಬೇಕು. ಎಣಿಸುವುದು ಸುಲಭವಾದ್ದರಿಂದ ಎಣಿಕೆ ಓದಿನ ಜಾಗದಲ್ಲಿ ಕೂತಿದೆ. ಇದು ನಮ್ಮ ದೇಶಕ್ಕೆ ಮಾತ್ರ ಅಂಟಿದ್ದಲ್ಲ. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಅದರಲ್ಲಿ ಬರೆದವರ ಯೋಗ್ಯತೆ ಅಳೆಯುವ ರೂಢಿ ಜಗತ್ತಿನಾದ್ಯಂತ ಇದೆ. ಅದು ಹಿಂದಿನ ಎರಡು ವರ್ಷದ ಪ್ರಬಂಧಗಳಿಗೆ ಸಿಕ್ಕ ಉಲ್ಲೇಖಗಳ ಸರಾಸರಿ ಮಾತ್ರ. ನೇಚರ್ ಪತ್ರಿಕೆಯೇ 2005ರಲ್ಲಿ ತನ್ನ ಲೆಕ್ಕ ಬಿಡಿಸಿ ತೋರಿಸಿದಾಗ, ತನ್ನ ಅಂಕಿಯ ಶೇ 89ರಷ್ಟು ಭಾಗ ಕೇವಲ ಶೇ 25ರಷ್ಟು ಪ್ರಬಂಧಗಳಿಂದ ಬಂದಿತ್ತು. ಉಳಿದ ಮುಕ್ಕಾಲು ಪಾಲು ಲೇಖಕರಿಗೆ ಸಿಕ್ಕದ್ದು ನೆರೆಯವರ ಕೀರ್ತಿಯಲ್ಲಿ ಒಂದು ಪಾಲು. ಈ ರೂಢಿಯನ್ನು ಬಿಡಬೇಕೆಂದು 2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಸೇರಿದ ವಿಜ್ಞಾನಿಗಳು, ಸಂಪಾದಕರು ಒಂದು ಘೋಷಣೆ ಸಿದ್ಧಪಡಿಸಿದರು. ಡೋರಾ ಎಂದು ಅದು ಪ್ರಸಿದ್ಧ. ನಮ್ಮ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯೂ 2018ರ ತನ್ನ ನೀತಿ ಹೇಳಿಕೆಯಲ್ಲಿ, ಎಲ್ಲಿ ಪ್ರಕಟಿಸಿದರು ಎಂಬುದಕ್ಕಿಂತ ಏನು ಪ್ರಕಟಿಸಿದರು ಎಂಬುದನ್ನು ನೋಡಬೇಕು ಎಂದಿದೆ. ಹೇಳಿಕೆ ಇದೆ, ಸಂದರ್ಶನದ ಕೊಠಡಿಯ ಮೇಜಿನ ಮೇಲೆ ಮಾತ್ರ ಇಂದಿಗೂ ಅಂಕಪಟ್ಟಿಯೇ ಇರುತ್ತದೆ.

ನಿಮ್ಮ ಕೈಯಲ್ಲಾಗುವುದನ್ನು ಹೇಳುತ್ತೇನೆ. ವರ್ಷಕ್ಕೆ ಮೂರರ ಬದಲು ಎರಡು ವರ್ಷಕ್ಕೆ ಒಂದನ್ನು ಬರೆಯಿರಿ, ಆದರೆ ನಿಮ್ಮೂರಿನಲ್ಲಿ ಕೂತೇ ಮಾಡಬಹುದಾದ, ಬೇರೆಯವರು ಮಾಡಲಾರದ ಕೆಲಸದ ಮೇಲೆ ಬರೆಯಿರಿ. ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್‌ನಂಥ, ಲೇಖಕರಿಂದ ಪ್ರಕಟಣೆಯ ಹಣ ಕೇಳದ ಹಳೆಯ ಪತ್ರಿಕೆಗಳು ನಮ್ಮಲ್ಲೇ ಇವೆ. ಬಡ್ತಿ ಸಮಿತಿಯ ಮುಂದೆ ಹೋಗುವಾಗ ಪ್ರತಿ ಪ್ರಬಂಧಕ್ಕೆ ಐದು ವಾಕ್ಯದಲ್ಲಿ ‘ಇದರಿಂದ ತಿಳಿದದ್ದೇನು’ ಎಂದು ಬರೆದು ಕೊಡಿ. ಯಾರೂ ಕೇಳದಿದ್ದರೂ ಕೊಡಿ. ಕಾಲೇಜಿನ ಅಧ್ಯಾಪಕರ ಸಂಘಕ್ಕೆ ನನ್ನದೊಂದು ಕೋರಿಕೆ: ಪಾಠವೇ ಮುಖ್ಯ ಕೆಲಸವಾಗಿರುವವರ ಬಡ್ತಿಗೆ ಪಾಠವನ್ನೇ ನೋಡಿ ತೂಗುವ ಕ್ರಮ ಬೇಕೆಂದು ಸರ್ಕಾರದ ಮುಂದೆ ಒತ್ತಾಯಿಸಬೇಕು. ನಿಮ್ಮನ್ನು ಸಂಶೋಧಕರಂತೆ ಅಳೆದು, ಸಂಶೋಧನೆಗೆ ಒಂದು ಗಂಟೆಯನ್ನೂ ಕೊಡದಿರುವುದು ಅನ್ಯಾಯ.

ಪ್ರಶ್ನೆ: ಲೇಖಕರ ಹೆಸರು ಪರಿಶೀಲಕರಿಗೆ ಕಾಣಬೇಕೇ ಬೇಡವೇ? — ಓದುಗರು, ಹಾಸನ

ಉತ್ತರ: ಬೇಡ. ಅರ್ಥಶಾಸ್ತ್ರದ ಒಂದೇ ಪ್ರಬಂಧವನ್ನು ನೂರಾರು ಪರಿಶೀಲಕರಿಗೆ ಮೂರು ಬಗೆಯಲ್ಲಿ ತೋರಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ನೊಬೆಲ್ ಪಡೆದ ಹಿರಿಯ ಲೇಖಕರ ಹೆಸರು ಕಂಡವರಲ್ಲಿ ಸುಮಾರು ಶೇ 23 ಮಂದಿ ತಿರಸ್ಕರಿಸಿದರು. ಹೆಸರೇ ಕಾಣದವರಲ್ಲಿ ಶೇ 48. ಅದೇ ಪ್ರಬಂಧದ, ಇನ್ನೂ ಹೆಸರು ಮಾಡಿರದ ಕಿರಿಯ ಸಹಲೇಖಕರ ಹೆಸರು ಮಾತ್ರ ಕಂಡವರಲ್ಲಿ ಶೇ 65. ಇದಕ್ಕಿಂತ ಹೆಚ್ಚು ವಾದ ಬೇಕಾಗಿಲ್ಲ. ಸಣ್ಣ ಕ್ಷೇತ್ರಗಳಲ್ಲಿ ಬರವಣಿಗೆ ನೋಡಿಯೇ ಇಂಥವರದು ಎಂದು ಗೊತ್ತಾಗುತ್ತದೆ, ನಿಜ. ಆದರೂ ಮುಚ್ಚುವಷ್ಟನ್ನು ಮುಚ್ಚುವುದೇ ಲೇಸು.

ಪ್ರಶ್ನೆ: ಕೋವಿಡ್ ಸಮಯದಲ್ಲಿ ಲ್ಯಾನ್ಸೆಟ್‌ನಂಥ ಪತ್ರಿಕೆಯಲ್ಲೇ ಹೈಡ್ರಾಕ್ಸಿಕ್ಲೋರೊಕ್ವಿನ್ ಬಗ್ಗೆ ಬಂದ ಅಧ್ಯಯನವನ್ನು ಹಿಂದಕ್ಕೆ ಪಡೆದರು. ಪರಿಶೀಲಕರು ಏನು ನೋಡಿದ್ದರು? — ವೈದ್ಯರು, ಮಂಗಳೂರು

ಉತ್ತರ: ಅವರು ನೋಡಿದ್ದು ಪ್ರಬಂಧವನ್ನು. ಅದರ ಹಿಂದಿನ ದತ್ತಾಂಶವನ್ನು ಅವರು ನೋಡಿರಲಿಲ್ಲ, ನೋಡಬೇಕೆಂದು ಪದ್ಧತಿಯೂ ಕೇಳುತ್ತಿರಲಿಲ್ಲ. ಆ ಪ್ರಬಂಧ 2020ರ ಮೇ 22ರಂದು ಬಂತು. 671 ಆಸ್ಪತ್ರೆಗಳ ಸುಮಾರು 96,000 ರೋಗಿಗಳ ದಾಖಲೆ ತಮ್ಮಲ್ಲಿದೆ, ಅದರ ಪ್ರಕಾರ ಆ ಔಷಧಿಯಿಂದ ಅಪಾಯವೇ ಹೆಚ್ಚು ಎಂದಿತು. ಮೂರೇ ದಿನದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧಿಯ ಮೇಲಿನ ತನ್ನ ಪ್ರಯೋಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅಚ್ಚಾದ ಮೇಲೆ ಓದಿದವರು ಗಮನಿಸಿದ್ದೇನೆಂದರೆ, ಅದರಲ್ಲಿ ಆಸ್ಟ್ರೇಲಿಯಾದ ಸಾವುಗಳು ಆ ದೇಶದ ಅಧಿಕೃತ ಸಂಖ್ಯೆಗಿಂತ ಹೆಚ್ಚಿದ್ದವು. ದತ್ತಾಂಶ ಒದಗಿಸಿದ ಸರ್ಜಿಸ್ಫಿಯರ್ ಎಂಬ ಕಂಪನಿ ಅದನ್ನು ಸ್ವತಂತ್ರ ಪರಿಶೋಧಕರಿಗೆ ತೋರಿಸಲು ಒಪ್ಪಲಿಲ್ಲ. ಜೂನ್ 4ರಂದು ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಯಿತು.

ದತ್ತಾಂಶವನ್ನು ಪರಿಶೀಲಕರಿಗಾದರೂ ತೆರೆದು ತೋರಿಸಬೇಕು ಎಂಬುದು ಇದರಿಂದ ಬರುವ ಮೊದಲ ಸುಧಾರಣೆ. ಎರಡನೆಯದು ನನಗೆ ಇನ್ನೂ ಹೆಚ್ಚು ಪ್ರಿಯವಾದದ್ದು. 2013ರಲ್ಲಿ ಕಾರ್ಟೆಕ್ಸ್ ಎಂಬ ಪತ್ರಿಕೆ, ಪ್ರಯೋಗ ಮಾಡುವ ಮೊದಲೇ ಅದರ ಪ್ರಶ್ನೆ ಮತ್ತು ವಿಧಾನವನ್ನು ತಜ್ಞರಿಂದ ಪರಿಶೀಲಿಸಿ, ಒಪ್ಪಿಗೆಯಾದರೆ ಫಲಿತಾಂಶ ಏನೇ ಬಂದರೂ ಪ್ರಕಟಿಸುತ್ತೇವೆ ಎಂದು ಮಾತು ಕೊಡುವ ಕ್ರಮವನ್ನು ಆರಂಭಿಸಿತು. ಮನಶ್ಶಾಸ್ತ್ರದಲ್ಲಿ ಸಾಮಾನ್ಯ ಪ್ರಬಂಧಗಳ ಪೈಕಿ ಶೇ 96ರಲ್ಲಿ ಲೇಖಕರ ಊಹೆ ನಿಜವಾಗಿದ್ದರೆ, ಈ ಕ್ರಮದಲ್ಲಿ ಬಂದವುಗಳಲ್ಲಿ ಶೇ 44ರಲ್ಲಿ ಮಾತ್ರ ನಿಜವಾಗಿತ್ತು ಎಂದು 2021ರ ಅಧ್ಯಯನ ತೋರಿಸಿತು. ‘ಈ ಚಿಕಿತ್ಸೆಯಿಂದ ಉಪಯೋಗವಾಗಲಿಲ್ಲ’ ಎಂಬ ಫಲಿತಾಂಶ ವೈದ್ಯರಾದ ನಿಮಗೆ ಎಷ್ಟು ಬೇಕಾದದ್ದು ಎಂದು ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ಜರ್ನಲ್ ಒಂದರಿಂದ ಮೊದಲ ಬಾರಿಗೆ ಪರಿಶೀಲನೆಗೆ ಪ್ರಬಂಧ ಬಂದಿದೆ. ಹೇಗೆ ಮಾಡಬೇಕೆಂದು ಯಾರೂ ಕಲಿಸಿಲ್ಲ. ಎಐಗೆ ಕೊಟ್ಟು ವರದಿ ಬರೆಸಿದರೆ ತಪ್ಪೇ? — ಯುವ ಸಂಶೋಧಕ, ಮೈಸೂರು

ಉತ್ತರ: ತಪ್ಪು. ನಿಮ್ಮ ಕೈಗೆ ಬಂದಿರುವುದು ಇನ್ನೂ ಪ್ರಕಟವಾಗದ, ಇನ್ನೊಬ್ಬರ ಗುಟ್ಟಿನ ಬರಹ. ಅದನ್ನು ಹೊರಗಿನ ತಾಣಕ್ಕೆ ಏರಿಸುವ ಹಕ್ಕು ನಿಮಗಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2023ರಲ್ಲೇ ತನ್ನ ಅನುದಾನದ ಅರ್ಜಿಗಳ ಪರಿಶೀಲಕರಿಗೆ ಇದನ್ನು ನಿಷೇಧಿಸಿತು.

ಹೇಗೆ ಮಾಡಬೇಕೆಂಬುದಕ್ಕೆ ನನ್ನದೇ ಒಂದು ಅನುಭವ ಹೇಳುತ್ತೇನೆ. ಬಾವಿ ನೀರಿನ ಫ್ಲೋರೈಡ್ ಕುರಿತ ಪ್ರಬಂಧವೊಂದು ಬಂದಿತ್ತು. ಬರವಣಿಗೆ ಅಚ್ಚುಕಟ್ಟು, ನಕ್ಷೆ ಚೆಂದ. 25 ಬಾವಿಗಳ ನೀರು ಪರೀಕ್ಷಿಸಿದ್ದಾಗಿ ಮೊದಲಲ್ಲಿ ಬರೆದಿತ್ತು. ಮೂರನೆಯ ಕೋಷ್ಟಕದಲ್ಲಿ ಮಿತಿ ಮೀರಿದ ಬಾವಿಗಳು ಶೇ 37.5 ಎಂದಿತ್ತು. ಪೆನ್ನು ಹಿಡಿದು ಭಾಗಿಸಿ ನೋಡಿದೆ. 25ರಲ್ಲಿ ಒಂಬತ್ತಾದರೆ ಶೇ 36, ಹತ್ತಾದರೆ ಶೇ 40. ನಡುವೆ ಏನೂ ಇರಲು ಸಾಧ್ಯವಿಲ್ಲ. ಒಂಬತ್ತನ್ನು 24ರಿಂದ ಭಾಗಿಸಿದರೆ ಮಾತ್ರ 37.5 ಬರುತ್ತದೆ. ಹಾಗಾದರೆ ಇಪ್ಪತ್ತೈದನೆಯ ಬಾವಿ ಎಲ್ಲಿ ಹೋಯಿತು ಎಂದು ವರದಿಯಲ್ಲಿ ಕೇಳಿದೆ. ಆ ಬಾವಿಯ ಅಂಕಿ ಎಲ್ಲಕ್ಕಿಂತ ಹೆಚ್ಚಿತ್ತು, ಉಪಕರಣದ ದೋಷವಿರಬೇಕೆಂದು ಬಿಟ್ಟೆವು ಎಂದು ಲೇಖಕರು ಉತ್ತರಿಸಿದರು. ಅವರು ಕೆಟ್ಟವರಲ್ಲ, ಕೇಳಿದ ಮೇಲೆ ಮತ್ತೆ ಹೋಗಿ ನೀರು ತಂದು ಪರೀಕ್ಷಿಸಿದರು. ಅಂಕಿ ಮೊದಲಿನಷ್ಟೇ ಬಂತು. ಆ ಬಾವಿಯ ನೀರನ್ನು ಜನ ಕುಡಿಯುತ್ತಿದ್ದರು.

ಆದ್ದರಿಂದ ಕೋಷ್ಟಕದಿಂದ ಆರಂಭಿಸಿ, ಮುನ್ನುಡಿಯಿಂದ ಅಲ್ಲ. ನಿಮಗೆ ಗೊತ್ತಿಲ್ಲದ ಭಾಗವಿದ್ದರೆ ಅದು ಗೊತ್ತಿಲ್ಲ ಎಂದು ಸಂಪಾದಕರಿಗೆ ಬರೆಯಿರಿ. ‘ಹೊಸದಲ್ಲ’ ಎನ್ನುವುದಾದರೆ ಹಳೆಯದನ್ನು ಹೆಸರಿಸಿ. ನಿಮ್ಮ ಪ್ರಬಂಧಗಳನ್ನು ಉಲ್ಲೇಖಿಸುವಂತೆ ಒತ್ತಾಯಿಸಬೇಡಿ. ನಾಲ್ಕೈದು ಗಂಟೆ ಹಿಡಿಯುತ್ತದೆ. ಆ ಗಂಟೆಗಳಿಗೆ ನಿಮ್ಮ ಬಡ್ತಿಯ ಪಟ್ಟಿಯಲ್ಲಿ ಇಂದು ಜಾಗವಿಲ್ಲ ಎಂಬುದೇ ಈ ಪದ್ಧತಿಯ ದೊಡ್ಡ ದೋಷ. 2020ರ ಒಂದೇ ವರ್ಷದಲ್ಲಿ ಜಗತ್ತಿನ ಸಂಶೋಧಕರು ಪರಿಶೀಲನೆಗೆ ಹತ್ತು ಕೋಟಿ ಗಂಟೆಗಿಂತ ಹೆಚ್ಚು ಕೊಟ್ಟರೆಂದು ಒಂದು ಅಂದಾಜಿದೆ. ಅಷ್ಟನ್ನೂ ಕೆಲಸವೆಂದು ಲೆಕ್ಕಕ್ಕೆ ಹಿಡಿಯದಿದ್ದರೆ ಎರಡು ಸಾಲಿನ ವರದಿಗಳು ಹೆಚ್ಚುತ್ತಲೇ ಹೋಗುತ್ತವೆ. ನಿಮ್ಮ ವಿಭಾಗದಲ್ಲಿ ವಾರ್ಷಿಕ ವರದಿ ಕೇಳಿದಾಗ ಪರಿಶೀಲಿಸಿದ ಪ್ರಬಂಧಗಳ ಸಂಖ್ಯೆ, ಅದಕ್ಕೆ ಹಿಡಿದ ಸಮಯ ಎರಡನ್ನೂ ಬರೆಯಿರಿ. ಪ್ರಬಂಧ ನಿಮ್ಮ ಮೇಜಿನ ಮೇಲೆ ಮೂರು ವಾರಕ್ಕಿಂತ ಹೆಚ್ಚು ಕೂರುವಂತಿದ್ದರೆ, ಆಗುವುದಿಲ್ಲ ಎಂದು ಇವತ್ತೇ ಸಂಪಾದಕರಿಗೆ ತಿಳಿಸಿಬಿಡಿ. ಅದನ್ನು ಬರೆದವರು ಧಾರವಾಡದಲ್ಲೋ ಇನ್ನೆಲ್ಲೋ ದಿನ ಎಣಿಸುತ್ತಿರುತ್ತಾರೆ.